ಹನ್ನೆರಡು ಹೆಸರುಗಳ ಓಟ

ಹುಮನಾಬಾದಿನ ಅಡತ್ ಬಜಾರಿನಲ್ಲಿ ನನ್ನದೊಂದು ಕಂಪ್ಯೂಟರ್ ಕೋಣೆಯಿತ್ತು. ಅಂದು ಅಲ್ಲಿ ಮೂವರಿದ್ದೆವು: ನಾನು, ಬಸವಕಲ್ಯಾಣದಿಂದ ದಿನಾ ಬಸ್ಸಿಗೆ ಬರುತ್ತಿದ್ದ ನನ್ನ ಗೆಳೆಯ, ಮತ್ತು ಊರೆಲ್ಲ ಕಾಕಾ ಎನ್ನುತ್ತಿದ್ದ ನಿವೃತ್ತ ಕಾಂಪೌಂಡರ್. ವೆಬ್‌ಸೈಟು ಕಟ್ಟಲು ಬಳಸುವ ಜಾಂಗೋ ಎಂಬ ಸಾಧನ ಬಂದು ಎರಡು-ಮೂರು ವರ್ಷವಾಗಿದ್ದ ಕಾಲ.

ಕಾಕಾ ಒಂದು ಉದ್ದನೆಯ ನೋಟ್‌ಬುಕ್ ತಂದಿದ್ದರು. ಸುತ್ತಲ ಹಳ್ಳಿಗಳಲ್ಲಿ ರಕ್ತ ಕೊಡಲು ಒಪ್ಪಿದವರ ಹೆಸರು, ಗುಂಪು, ಫೋನು. ಫೋನಿಲ್ಲದವರಿಗೆ ಪಕ್ಕದ ಕಿರಾಣಿ ಅಂಗಡಿಯ ನಂಬರು. ಹೆದ್ದಾರಿಯಲ್ಲಿ ಅಪಘಾತವಾದರೆ, ಹೆರಿಗೆ ಕಷ್ಟವಾದರೆ, ಜನ ಅವರ ಮನೆಗೇ ಓಡುತ್ತಿದ್ದರು. ಕಣ್ಣು ಮಂದವಾಗುತ್ತಿದೆ, ಕಂಪ್ಯೂಟರಿಗೆ ಹಾಕಿಕೊಡಿ ಎಂದು ಪುಸ್ತಕ ನಮ್ಮ ಕೈಗಿಟ್ಟು ಹೋದರು.

ಎಂಟು ದಿನದ ಕೆಲಸ. ಆದರೆ ಜಾಂಗೋದಲ್ಲಿ ಮಾಡೋಣವೆಂದು ಗೆಳೆಯ, ಅದಕ್ಕಿಂತ ಚಿಕ್ಕದಾದ ವೆಬ್.ಪೈ ಸಾಕೆಂದು ನಾನು; ಕೊನೆಗೆ ಇಬ್ಬರೂ ಬೇರೆ ಬೇರೆ ಮಾಡಿದೆವು. ಜಾಂಗೋದಲ್ಲಿ ಹೆಸರು ಸೇರಿಸುವ, ತಿದ್ದುವ ಪುಟಗಳು ಸಿದ್ಧವಾಗಿಯೇ ಸಿಗುತ್ತವೆ. ಅವನದು ಎರಡೇ ದಿನಕ್ಕೆ ಎದ್ದು ನಿಂತಿತು. ನನಗೆ ಪ್ರತಿಯೊಂದನ್ನೂ ಕೈಯಿಂದ ಬರೆದು ಹದಿನೈದು ದಿನ ಹಿಡಿಯಿತು, ಆದರೆ ನಮ್ಮ ಹಳೆಯ ಯಂತ್ರದ ಮೇಲೆ ನನ್ನದು ಹಗುರವಾಗಿ ಓಡಿತು. ಅವನು ತನ್ನದನ್ನು ತಿದ್ದಿ ಚುರುಕು ಮಾಡಿದ. ನಾನು ಇನ್ನಷ್ಟು ಮಾಡಿದೆ. ವೇಗ ಅಳೆಯಲೆಂದು ಮೊದಲ ಪುಟದ ಹನ್ನೆರಡು ಹೆಸರುಗಳನ್ನಷ್ಟೇ ಟೈಪು ಮಾಡಿ, ಅವನ್ನೇ ನಕಲು ಮಾಡುತ್ತ ಹತ್ತು ಸಾವಿರ ಸಾಲು ಮಾಡಿಕೊಂಡಿದ್ದೆವು. ಉಳಿದ ಪುಟಗಳು, ಗೆದ್ದದ್ದು ಯಾವುದೆಂದು ತೀರ್ಮಾನವಾದ ಮೇಲೆ.

ಕಾಕಾ ಆಗಾಗ ಬಂದು ನಗುತ್ತಿದ್ದರು. "ಕುದುರಿ ಓಡ್ಸೂದು ಮುಗೀತೇನ್ರಪಾ? ಮ್ಯಾಲ ಕುಂದ್ರಾವ್ರು ಹಾದಿ ಕಾಯಾಕತ್ತಾರ."

ಒಂದು ಮಧ್ಯಾಹ್ನ ಅವರು ಮೋರಖಂಡಿಯ ಒಬ್ಬ ಯುವಕನನ್ನು ಕರೆದುಕೊಂಡು ಬಂದರು. ಇಲ್ಲಿಯ ಆಸ್ಪತ್ರೆಯಲ್ಲಿ ಅವನ ಹೆಂಡತಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು. ನೋಟ್‌ಬುಕ್ ಕೋಣೆಯಲ್ಲಿರಲಿಲ್ಲ. ಗೆಳೆಯ ಅದನ್ನು ಬಸವಕಲ್ಯಾಣದ ಮನೆಗೆ ಒಯ್ದಿದ್ದ, ಅಂದು ಬಂದಿರಲಿಲ್ಲ, ಅವನ ಫೋನು ಹತ್ತುತ್ತಿರಲಿಲ್ಲ. ನಾನು ನಮ್ಮಿಬ್ಬರ ಪ್ರೋಗ್ರಾಮುಗಳಲ್ಲೂ ಹುಡುಕಿದೆ. ಯಾರೂ ಇಲ್ಲ ಎಂದು ನನ್ನದು ಮೊದಲು ಹೇಳಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಗೆಳೆಯನದೂ ಅದನ್ನೇ ಹೇಳಿತು.

"ತಮ್ಮಾ, ಇದ್ರಾಗ ಹೆಸರು ಎಷ್ಟದಾವ?" ಕಾಕಾ ಕೇಳಿದರು.

"ಹನ್ನೆರಡ್ರಿ ಕಾಕಾ."

"ನನ್ನ ಬುಕ್ಕಿನಾಗ ಇನ್ನೂರಿದ್ದೂವಲ್ಲೋ."

ಆ ಯುವಕ ಪರದೆಯನ್ನೇ ನೋಡುತ್ತ ನಿಂತಿದ್ದ. ಇನ್ನೊಮ್ಮೆ ಒತ್ತಿ ನೋಡ್ರಿ ಅಂದ. ಒತ್ತಿದೆ.

ಕಾಕಾ ಜೀಪು ಹಿಡಿದು ಬಸವಕಲ್ಯಾಣಕ್ಕೆ ಹೋದರು. ಕೊನೆಯ ಪುಟದಲ್ಲಿ ಆ ಗುಂಪಿನ ಮೂವರಿದ್ದರು. ಮಂಠಾಳದಲ್ಲಿ ಒಬ್ಬ ಸಿಕ್ಕ, ಅಂಗಿ ಹಾಕಿಕೊಳ್ಳುತ್ತಲೇ ಜೀಪು ಹತ್ತಿದನಂತೆ. ಅವರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆ ಹೆಣ್ಣುಮಗಳು ತೀರಿಕೊಂಡಿದ್ದಳು.

ಕಾಕಾ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಜಾಂಗೋ ಒಳ್ಳೆಯದೋ ಇನ್ನೊಂದೋ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ಯಾವುದರಲ್ಲಿ ಮಾಡಿದ್ದರೂ ಸಾಕಿತ್ತು.

ತಿಂಗಳಾದ ಮೇಲೆ ಆ ಯುವಕ ಕಾಕಾರ ಮನೆಗೆ ಬಂದ. ಕೂಸು, ಜೊತೆಗೆ ಬಂದಿದ್ದ ಅವನ ತಾಯಿಯ ತೊಡೆಯ ಮೇಲಿತ್ತು. ತನ್ನ ರಕ್ತ ಪರೀಕ್ಷೆಯ ಚೀಟಿ ಕೊಟ್ಟು, ನೋಟ್‌ಬುಕ್ಕಿನಲ್ಲಿ ಹೆಸರು ಬರೆಸಿ ಹೋದ.