ಬೇಕೇ ಬೇಕು ಎಂದ ದೊಡ್ಡಮ್ಮ

ನನ್ನ ದೊಡ್ಡಮ್ಮನ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವಳು ಕಹಳೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ಮೂರು ದೊಡ್ಡ ಯಂತ್ರಗಳು ಗಡಗಡ ತಿರುಗುವಾಗ ಈ ಮೂಲೆಯಿಂದ ಆ ಮೂಲೆಗೆ ಕೂಗಿ ಕೂಗಿ ಅವಳಿಗೆ ಅಂಥ ಗಂಟಲು ಬಂದಿದೆ. ಅವಳು ಗುಟ್ಟು ಹೇಳಿದರೆ ಪಕ್ಕದ ಬೀದಿಯವರೂ ಹೂಂಗುಡುತ್ತಾರೆ ಎಂದು ನಮ್ಮಮ್ಮ ರೇಗಿಸುತ್ತಾಳೆ.

ಪಕ್ಷದ ಮೆರವಣಿಗೆಯಲ್ಲಿ ಘೋಷಣೆಯ ಮೊದಲ ಅರ್ಧ ಯಾವಾಗಲೂ ಅವಳದ್ದು, ಉಳಿದರ್ಧ ಜನರದ್ದು. ಹಿಂದಿನ ಸರ್ಕಾರ ಹೆರಿಗೆ ವಾರ್ಡಿಗೆ ಬೀಗ ಹಾಕಿದಾಗ ಮೊದಲು ಕಳವಳಗೊಂಡವಳೂ ಅವಳೇ, ಏಕೆಂದರೆ ಕೂಸುಗಳಿಗೆ ಸುತ್ತುವ ಸಣ್ಣ ಬಟ್ಟೆಗಳು ಒಗೆಯಲು ಬರುವುದು ನಿಂತುಹೋಗಿತ್ತು. ಆಮೇಲೆ ನಾಲ್ಕು ವರ್ಷ, ಬಿಸಿಲೆನ್ನದೆ ಮಳೆಯೆನ್ನದೆ, ಅವಳು "ಬೇಕೇ ಬೇಕು!" ಎಂದರೆ ಇಡೀ ಬೀದಿ "ಹೆರಿಗೆ ವಾರ್ಡು ಬೇಕು!" ಎನ್ನುತ್ತಿತ್ತು. ನಮ್ಮ ನಾಯಕರು ಗೆದ್ದದ್ದೇ ಆ ಕೂಗಿನಿಂದ.

ಗೆದ್ದು ಒಂದೂವರೆ ವರ್ಷವಾಯಿತು. ಬೀಗ ಹಾಗೇ ಇತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವುದು ಸುಳ್ಳಲ್ಲ. ಹೆರಿಗೆಗೆ ಬಸ್ಸಿನಲ್ಲಿ ಎರಡು ಗಂಟೆ ಹೋಗಬೇಕು, ಅದೂ ಬಸ್ಸು ಬಂದರೆ. ನನಗೆ ಆಗ ಎಂಟು ತಿಂಗಳು. ಆ ಬಸ್ಸನ್ನು ನೆನೆದರೆ ಸಾಕು, ಭಯವಾಗುತ್ತಿತ್ತು.

ದೊಡ್ಡಮ್ಮ ಪಕ್ಷದ ಕಚೇರಿಗೆ ಹದಿನಾಲ್ಕು ಸಲ ಹೋದಳು. ಕೊನೆಯ ಸಲ ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿನ ಕಾರ್ಯದರ್ಶಿ ಅವಳ ಜೊತೆಯಲ್ಲೇ ಲಾಠಿ ಏಟು ತಿಂದವನು.

"ಸ್ವಲ್ಪ ತಾಳ್ಕೋ ಅಕ್ಕ," ಎಂದ. "ನಮ್ಮೋರನ್ನ ನಾವೇ ಕೇಳಿದ್ರೆ ಎದುರು ಪಕ್ಷದೋರ ಬಾಯಿಗೆ ಸಕ್ಕರೆ ಹಾಕಿದ ಹಾಗಾಗುತ್ತೆ."

"ನಿನಗೆ ಅವರ ಬಾಯಿ ಚಿಂತೆ. ನನಗೆ ಇವಳ ಹೊಟ್ಟೆ ಚಿಂತೆ," ಎಂದಳು ದೊಡ್ಡಮ್ಮ.

ಮುಂದಿನ ಭಾನುವಾರ ಪಕ್ಷದ ಹೊಸ ಕಟ್ಟಡದ ಉದ್ಘಾಟನೆಯಿತ್ತು. ಕಚೇರಿಗೆ ಮೂರು ಮಹಡಿ ಎದ್ದಿತ್ತು, ನಮ್ಮ ವಾರ್ಡಿಗೆ ಒಂದು ಬೀಗದ ಕೈ ಸಿಕ್ಕಿರಲಿಲ್ಲ. ನಾಯಕರು ವೇದಿಕೆಯ ಮೇಲೆ ಕೂತಿದ್ದರು. ಕಾರ್ಯದರ್ಶಿ ದೊಡ್ಡಮ್ಮನ ಕೈಗೆ ಮೈಕು ಕೊಟ್ಟು, "ನಮ್ಮ ನಾಯಕರಿಗೆ ಅಂತ ಮೂರು ಸಲ ಅಂದ್ಬಿಡು ಅಕ್ಕ, ಸಾಕು," ಎಂದ. ಜಯವಾಗಲಿ ಎನ್ನುವುದು ಜನರ ಪಾಲು.

ಅವಳು ಮೈಕು ಹಿಡಿದು ಜನರತ್ತ ತಿರುಗಿದಳು. ದೊಡ್ಡಪ್ಪ ಸತ್ತಾಗ ಹೆಣಕ್ಕೆ ಹೆಗಲು ಕೊಟ್ಟವರು ಈ ಜನವೇ. ಪಕ್ಷ ಬಿಟ್ಟರೆ ಅವಳಿಗೆ ಬೇರೆ ಬಳಗವಿಲ್ಲ. ಅವಳು ಜನರ ನಡುವೆ ಕೂತಿದ್ದ ನನ್ನ ಕಡೆ ಒಮ್ಮೆ ನೋಡಿದಳು, ಉಸಿರೆಳೆದುಕೊಂಡಳು.

"ಬೇಕೇ ಬೇಕು!"

ನಾಲ್ಕು ವರ್ಷದ ಅಭ್ಯಾಸ ನೋಡಿ. ಯಾರೂ ಯೋಚಿಸಲಿಲ್ಲ. ಸಾವಿರ ಬಾಯಿ ಒಟ್ಟಿಗೆ "ಹೆರಿಗೆ ವಾರ್ಡು ಬೇಕು!" ಎಂದಿತು. ವೇದಿಕೆಯ ಮೇಲೆ ಹಾರ ಹಿಡಿದು ನಿಂತವನೂ ಎಂದುಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಅವಳು ಎರಡನೇ ಸಲ ಕೂಗಿದಾಗ ಜನ ಬೇಕೆಂದೇ ಕೂಗಿದರು, ಮೊದಲಿಗಿಂತ ಜೋರಾಗಿ.

ನಾಯಕರು ನಗುನಗುತ್ತಲೇ ಎದ್ದು ಇನ್ನೊಂದು ಮೈಕು ಹಿಡಿದರು. "ಖಂಡಿತ ಆಗುತ್ತೆ ತಾಯಿ. ಮೂರು ತಿಂಗಳು ಟೈಮ್ ಕೊಡಿ."

"ನನ್ನ ತಂಗಿ ಮಗಳಿಗೆ ಈಗ ಎಂಟು ತಿಂಗಳು ಸಾರ್," ಎಂದಳು ದೊಡ್ಡಮ್ಮ. "ಹೊಟ್ಟೇಲಿರೋ ಕೂಸು ಪಕ್ಷದ ಸದಸ್ಯ ಅಲ್ಲ, ನೀವು ಹೇಳಿದ್ರಿ ಅಂತ ಕಾಯೋಕೆ."

ಜನ ಹೋ ಎಂದು ನಕ್ಕರು. ನಾಯಕರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಮೈಕು ಸತ್ತಿತು. ಯಾರೋ ತಂತಿ ಕಿತ್ತಿದ್ದರು. ಕಹಳೆಗೆ ಮೈಕು ಯಾಕೆ?

ವೇದಿಕೆಯ ಹಿಂದೆ ಕಾರ್ಯದರ್ಶಿ ಅವಳನ್ನು ತಡೆದ. "ಮನೆ ಜಗಳ ಬೀದಿಗೆ ತಂದೆಯಲ್ಲಕ್ಕ! ನಿನ್ನ ಸದಸ್ಯತ್ವದ ಕಾರ್ಡು ಕೊಟ್ಟು ಹೋಗು."

"ಮನೆಯೊಳಗೆ ಹದಿನಾಲ್ಕು ಸಲ ಹೇಳ್ದೆ. ಕಿವೀಲಿ ಹತ್ತಿ ಇಟ್ಕೊಂಡಿದ್ರಿ. ಕಾರ್ಡು ಕೊಡಲ್ಲ ಕಣೋ. ನಾನು ಪಕ್ಷ ಬಿಟ್ಟಿಲ್ಲ. ಹೇಳಿದ ಮಾತು ಬಿಟ್ಟೋರು ಯಾರೋ, ಅವರ ಕಾರ್ಡು ಈಸ್ಕೋ."

ಅಂದು ಮನೆಗೆ ಬಂದು ಅವಳು ಅತ್ತಳು. ನಾನೂ ಅತ್ತೆ.

ಮರುದಿನ ಬೆಳಿಗ್ಗೆ ಅವಳು ಆಸ್ಪತ್ರೆಯ ಒಗೆಯುವ ಕೋಣೆಯ ಬೀರುವಿನ ತಳದಿಂದ ಕೂಸುಗಳ ಆ ಹಳೆಯ ಬಟ್ಟೆಗಳನ್ನು ತೆಗೆದಳು. ಕುದಿನೀರಿನಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಅಂಚಿಗೆ ಅಂಚು ಕೂಡಿಸಿ ಮಡಿಸಿದಳು. ಕೆಲಸ ಮುಗಿದ ಮೇಲೆ ಪಕ್ಷದ ಶಾಲು ಹೊದ್ದು, ಮೂವತ್ತು ಬಟ್ಟೆಗಳ ಆ ಗಂಟನ್ನು ಎತ್ತಿಕೊಂಡು ಹೋಗಿ ಬೀಗ ಹಾಕಿದ ವಾರ್ಡಿನ ಮುಂದಿನ ಬೆಂಚಿನ ಮೇಲೆ ಕೂತಳು. ದಿನವೂ ಹಾಗೆಯೇ ಮಾಡಿದಳು. ನಾಲ್ಕನೆಯ ದಿನದ ಹೊತ್ತಿಗೆ ನಾನೂ ಸೇರಿ ಜೊತೆಗೆ ನಲವತ್ತು ಹೆಂಗಸರಿದ್ದರು, ಹೆಚ್ಚಿನವರು ನಮ್ಮ ಪಕ್ಷದವರೇ.

ಕಾರ್ಯದರ್ಶಿ ಏದುಸಿರು ಬಿಡುತ್ತಾ ಓಡಿ ಬಂದ. "ಅಕ್ಕ, ಶಾಲಾದ್ರೂ ತೆಗಿ! ಪೇಪರಿನವರು ಫೋಟೋ ತೆಗೀತಿದಾರೆ!"

"ತೆಗೀಲಿ," ಎಂದಳು ದೊಡ್ಡಮ್ಮ. ಜಾರಿದ್ದ ಶಾಲನ್ನು ಎಳೆದು, ಚಿಹ್ನೆ ಎದೆಯ ಮೇಲೆ ಕಾಣುವ ಹಾಗೆ ಸರಿಮಾಡಿಕೊಂಡಳು. "ಈಗ ತೆಗೀರಪ್ಪ."

ನಾನು ಬೆಂಚಿನ ಮೇಲೆ ಅವಳ ಪಕ್ಕಕ್ಕೆ ಸರಿದು ಕೂತೆ. ನನ್ನ ಹೊಟ್ಟೆಯೂ ಫೋಟೋದಲ್ಲಿ ಬರಲಿ ಎಂದು.