ಒಗೆಯದ ಜೆರ್ಸಿ

ಮದುವೆಯಾಗಿ ಬಾಂಡುಂಗಿನ ನಮ್ಮ ಓಣಿಗೆ ಬಂದ ಹೊಸತರಲ್ಲೇ ಇರೋಹ್ ಚಿಕ್ಕಮ್ಮನಿಗೆ ಕೆಟ್ಟ ಹೆಸರು ಅಂಟಿತು. ಅವಳ ಅತ್ತೆ ಊರಿನ ಫುಟ್‌ಬಾಲ್ ತಂಡದ ಬಟ್ಟೆ ಒಗೆಯುತ್ತಿದ್ದಳು. ಒಮ್ಮೆ ಗೋಲ್‌ಕೀಪರನ ಜೆರ್ಸಿ ಕಾಣೆಯಾಗಿ, ತಂಡದವರು ಅತ್ತೆಯನ್ನು ಕೆಲಸದಿಂದ ಬಿಡಿಸಿದರು. "ಸೊಸೆ ಹೊಳೇಲಿ ಬಿಟ್ಟಳು" ಎಂದು ಅತ್ತೆ ಸಾಯುವವರೆಗೂ ಹಂಗಿಸಿದಳು. ಗಂಡ ಓಜಕ್ ತುಟಿ ಬಿಚ್ಚಲಿಲ್ಲ.

ತಾಯಿ ಸತ್ತ ಎಷ್ಟೋ ದಿನಗಳ ಮೇಲೆ ಓಜಕ್ ಒಂದು ಹಸಿರು ಜೆರ್ಸಿ ತಂದ. ನಿವೃತ್ತನಾಗುವಾಗ ಗೋಲ್‌ಕೀಪರನೇ ಮೈಮೇಲಿಂದ ಬಿಚ್ಚಿ ಕೊಟ್ಟನಂತೆ. ಗೋಲ್‌ಕೀಪರನಿಗೆ ಪ್ರತಿ ವರ್ಷವೂ ಹಸಿರು ಜೆರ್ಸಿಯೇ, ಅದಕ್ಕೇ ಚಿಕ್ಕಮ್ಮನಿಗೆ ಅನುಮಾನ ಬರಲಿಲ್ಲ. ಒಗೆದರೆ ಆಟದ ಮಣ್ಣು ಹೋಗುತ್ತದೆಂದು ಅವನು ಮುಟ್ಟಗೊಡಲೂ ಇಲ್ಲ. ಓಣಿಯವರು ಮಾತ್ರ "ಓಜಕನ ಬುರುಡೆ" ಎಂದು ನಕ್ಕರು. ನಾನೂ ನಕ್ಕಿದ್ದೆ.

ಅವನು ತೀರಿಕೊಂಡ ಮೇಲೆ, ಈ ಆಗಸ್ಟಿನಲ್ಲಿ ಓಣಿಯ ಹುಡುಗರು ಹಳೆಯ ಜೆರ್ಸಿಗಳ ಪ್ರದರ್ಶನ ಇಟ್ಟರು. ಅಸಲಿ ಇದ್ದರೆ ಮಾತ್ರ ತನ್ನಿ ಎಂದರು. ಗಂಡ ಸುಳ್ಳುಗಾರನಲ್ಲ ಎಂದು ಎಲ್ಲರ ಬಾಯಿ ಮುಚ್ಚಿಸಬೇಕೆಂದು ಚಿಕ್ಕಮ್ಮ ಜೆರ್ಸಿ ವ್ಯಾಪಾರಿ ದಾದಾನನ ಅಂಗಡಿಗೆ ಹೊರಟಳು. ಸುರಾಬಿ ಎಂಬ ಅಕ್ಕಿ ದೋಸೆ ಹುಯ್ಯುವ ಕಾವಲಿ ಇಳಿಸಿ ನಾನೂ ಜೊತೆಗೆ ಹೋದೆ.

"ನೋಡಿ ಚಿಕ್ಕಮ್ಮ," ದಾದಾನ್ ಶುರುಮಾಡಿದ, "ಅಭಿಮಾನಿಗಳಿಗೆ ಮಾರೋದು ಕೆಳಗಿನ ದರ್ಜೆ. ಆಟಗಾರರ ಅಳತೆಗೆ ಹೊಲಿದಿದ್ದು ಅದರ ಮೇಲೆ. ಪಂದ್ಯಕ್ಕೆ ಅಂತ ಕೊಟ್ಟು ಹಾಕ್ಕೊಳ್ದೆ ಉಳಿದಿದ್ದು ಇನ್ನೂ ಮೇಲೆ. ಹಾಕ್ಕೊಂಡು ಆಡಿದ್ದು ಎಲ್ಲಕ್ಕಿಂತ ಮೇಲೆ."

"ಹೊಸದಕ್ಕಿಂತ ಹಾಕಿ ಬಿಟ್ಟಿದ್ದು ಹೆಚ್ಚಾ?"

"ಹೂಂ."

"ಕೊಳೆ ಇದ್ರೆ?"

"ಇನ್ನೂ ಹೆಚ್ಚು."

ಜೀವಮಾನವಿಡೀ ಊರವರ ಬಟ್ಟೆ ಒಗೆದು ಕೊಳೆ ತೆಗೆದ ಚಿಕ್ಕಮ್ಮ ನನ್ನ ಮುಖ ನೋಡಿದಳು. "ಇವನಿಗೇನು ತಲೆ ಕೆಟ್ಟಿದ್ಯೇನೇ?" ನನಗೂ ತಲೆಬುಡ ತಿಳಿಯಲಿಲ್ಲ.

ದಾದಾನ್ ಜೆರ್ಸಿ ಹರಡಿ, ಲಾಂಛನ ಕಸೂತಿಯದು, ಹಾಗಾದರೆ ಅಭಿಮಾನಿಗಳದು ಎಂದ. ಬಟ್ಟೆ ತೆಳು, ಹಾಗಾದರೆ ಆಟಗಾರರದು ಎಂದ. ಮಣ್ಣು ಮೈದಾನದ್ದೋ ಮನೆಯದ್ದೋ ಎಂದ. ಒಂದು ಮಾತಿಗೂ ನೆಲೆಯಿಲ್ಲ, ನನಗೆ ರೇಗಿಹೋಯಿತು. ಕೊನೆಗೆ ಒಳಮೈ ಹೊರಗೆ ಮಾಡಿದ. ಅಂಚಿನ ಹೊಲಿಗೆಯಲ್ಲಿ ಕೆಂಪು ದಾರದ ಗಂಟೊಂದಿತ್ತು.

"ಇದೇನಿದು?" ಎಂದ.

ಚಿಕ್ಕಮ್ಮ ಗಂಟು ಮುಟ್ಟಿ ನೋಡಿ, ಸ್ಟೂಲಿನ ಮೇಲೆ ಕೂತಳು. "ನಮ್ಮತ್ತೆ ಗಂಟು. ತಂಡದ ಬಟ್ಟೆ ಒಗೆಯೋಕೆ ಬಂದ ಕೂಡ್ಲೇ ಹಾಕೋರು. ಒಗೆದು, ಇಸ್ತ್ರಿ ಮಾಡಿ, ವಾಪಸ್ ಕೊಡೋವಾಗ ಕತ್ತರಿಸೋರು."

ಈ ಗಂಟನ್ನು ಯಾರೂ ಕತ್ತರಿಸಿರಲಿಲ್ಲ. ಒಗೆಯಲು ಬಂದ ಜೆರ್ಸಿ ತಂಡಕ್ಕೆ ವಾಪಸ್ ಹೋಗಿಯೇ ಇರಲಿಲ್ಲ.

"ಒಗೆಯೋಕೆ ಬಂದಿತ್ತು ಅಂದ್ರೆ ಹಾಕ್ಕೊಂಡು ಆಡಿದ್ದೇ! ಎಲ್ಲಕ್ಕಿಂತ ಮೇಲಿನ ದರ್ಜೆ!" ದಾದಾನ್ ಕುಣಿದುಬಿಟ್ಟ. "ಹೇಗೆ ಸಿಕ್ತು ಅಂತ ಬರೀಲಿ, ಚಿಕ್ಕಮ್ಮ?"

ಅವಳು ಜೆರ್ಸಿ ಮಡಚಿಕೊಂಡು ಎದ್ದಳು. ದಾರಿಯುದ್ದಕ್ಕೂ ಒಂದೇ ಮಾತು: "ಅಸಲಿ ಕಣೇ. ಜೆರ್ಸಿ ಅಸಲಿ." ನಗುತ್ತಿದ್ದಳೋ ಅಳುತ್ತಿದ್ದಳೋ, ನನಗೆ ತಿಳಿಯಲಿಲ್ಲ.

ಮನೆಗೆ ಬಂದವಳೇ ನಲ್ಲಿ ತಿರುಗಿಸಿದಳು. "ಚಿಕ್ಕಮ್ಮ, ಮಣ್ಣು ಹೋದ್ರೆ ದರ್ಜೆನೂ ಹೋಗುತ್ತೆ!" ಎಂದು ನಾನು ಕೈ ಹಿಡಿದೆ. ಅವಳು ಕೊಸರಿಕೊಂಡು ಸೋಪು ಹಚ್ಚಿದಳು. ಉಜ್ಜಿದಳು, ಹಿಂಡಿದಳು. ಆಮೇಲೆ ಆ ಕೆಂಪು ಗಂಟನ್ನು ಕತ್ತರಿಸಿ, ಜೆರ್ಸಿಯನ್ನು ತಂತಿಗೆ ಹರವಿದಳು.

"ಅತ್ತೆ, ಎಣಿಸಿಕೊಳ್ಳಿ," ಎಂದಳು. "ಒಂದೂ ಕಳೆದಿಲ್ಲ."