ದಂಡೋತಿಯ ಹುಡುಗಿಗೆ ಸಿಕ್ಕ ನನ್ನಪ್ಪ

ಚಿತ್ತಾಪುರದಲ್ಲಿ ಡಾಕ್ಟರಾಗಿದ್ದ ನನ್ನಪ್ಪ ತೀರಿಕೊಂಡ ದಿನ, ಗುರುತಿಲ್ಲದ ಹುಡುಗಿಯೊಬ್ಬಳು ಅವರ ಕೈ ಹಿಡಿದು "ಅಪ್ಪಾ" ಎಂದು ಅಳುತ್ತಿದ್ದಳು. ನನಗೆ ಸಹಿಸಲಾಗಲಿಲ್ಲ.

"ಜರಾ ಆಚಿ ಸರೀಯವ್ವಾ, ನಾ ಅವರ ಮಗಳಿದ್ದೀನಿ" ಎಂದೆ.

"ನನಗೂ ಅಪ್ಪನೇ ರೀ. ನಿಜಾಮನ ಮ್ಯಾಲ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ನಮ್ಮ ದಂಡೋತ್ಯಾಗ ಕಾಲರಾ ಬಂದಿತ್ತು. ನಮ್ಮವ್ವ, ಅಪ್ಪ ಇಬ್ಬರೂ ಹ್ವಾದ್ರು. ಆಗ ಡಾಕ್ಟರಪ್ಪಾರು ನನ್ನ ತಲಿ ತೊಡಿ ಮ್ಯಾಲ ಇಟ್ಕೊಂಡು ಗಂಜಿ ಕುಡಿಸಿ ಉಳಿಸಿದ್ರು" ಎಂದಳು.

ಆ ಕಾಲರಾದ ದಿನಗಳಲ್ಲೇ ನನ್ನ ಮದುವೆಯಾಗಿತ್ತು. ಅಕ್ಷತೆ ಬೀಳುವಾಗ ಎಲ್ಲರೂ ಇದ್ದರು, ಅಪ್ಪ ಇರಲಿಲ್ಲ. ಯಾವುದೋ ಊರಿಗೆ ಕಾಯಿಲೆ ಬಂದಿದೆ ಎಂದಷ್ಟೇ ಅವ್ವ ಹೇಳಿದ್ದಳು.

ಹುಡುಗಿಯನ್ನು ಎಬ್ಬಿಸಲಿಲ್ಲ, ಅವಳ ಪಕ್ಕದಲ್ಲೇ ಕುಳಿತೆ. ಆದರೆ ಆ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಅಪ್ಪ ನನಗೆ ಒಂದು ತುತ್ತು ತಿನ್ನಿಸಿದ ನೆನಪೂ ಇಲ್ಲ.